ಅಜ್ಜನ ಮಣ್ಣು

ನನ್ನ ಮಗಳು ಸುಮಿ ಶಾಲೆಗೆ ಬೇಕೆಂದು ಹಟ ಹಿಡಿದು ಪುಣೆ ಕ್ಯಾಂಪಿನ ಅಂಗಡಿಯಿಂದ ಒಂದು ತಗಡಿನ ಡಬ್ಬಿ ತರಿಸಿಕೊಂಡಿದ್ದಾಳೆ. ಒಳಗೆ ಎಣ್ಣೆಕಾಗದದಲ್ಲಿ ಸುತ್ತಿದ ಬೂದು ಬಣ್ಣದ ಮಣ್ಣಿನ ಕಡ್ಡಿಗಳು. ಹಸ್ತಕೌಶಲ್ಯದ ತರಗತಿಯಲ್ಲಿ ಅದರಿಂದ ಬಾಳೆಹಣ್ಣು ಮಾಡಬೇಕಂತೆ, ಬಾತುಕೋಳಿ ಮಾಡಬೇಕಂತೆ, ಮಾಡಿದ್ದನ್ನು ಮುರಿದು ಅದೇ ಮಣ್ಣಿನಲ್ಲಿ ಮತ್ತೇನಾದರೂ ಮಾಡಬೇಕಂತೆ. ‘ಇದು ಎಂದಿಗೂ ಒಣಗುವುದಿಲ್ಲ’ ಎಂದು ಡಬ್ಬಿಯ ಮೇಲೆ ಇಂಗ್ಲಿಷಿನಲ್ಲಿ ಜಂಬದಿಂದ ಅಚ್ಚು ಹಾಕಿದ್ದಾರೆ. ನೀವೇ ಹೇಳಿ, ಒಣಗದ ಮಣ್ಣನ್ನು ನಂಬುವುದು ಹೇಗೆ? ರೊಟ್ಟಿ ಒಣಗುತ್ತದೆ, ಬಾವಿ ಒಣಗುತ್ತದೆ, ಅತ್ತು ಅತ್ತು ಕಣ್ಣು ಒಣಗುತ್ತದೆ. ಇದೊಂದು ಮಾತ್ರ ಒಣಗುವುದಿಲ್ಲವೆಂದರೆ ಒಳಗೆ ಏನೋ ಇರಲೇಬೇಕು.

ಒಂದು ಕಡ್ಡಿ ಮುರಿದು ಮೂಸಿ ನೋಡಿದೆ. ಉಗುರಿನಿಂದ ಕೆರೆದು ನೋಡಿದೆ. ನೀರಿನ ತಂಬಿಗೆಯಲ್ಲಿ ಮುಳುಗಿಸಿ ಎತ್ತಿದರೆ ಮೈಗೆ ಒಂದು ಹನಿ ನೀರೂ ಅಂಟಿರಲಿಲ್ಲ. ಅದನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ಪರೀಕ್ಷಿಸುತ್ತಿದ್ದಾಗ ಸುಮಿ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಳು.

“ಅವ್ವಾ, ಅದು ಮಣ್ಣು. ಕಳ್ಳ ಅಲ್ಲ.”

ಅವಳಿಗೇನು ಗೊತ್ತು? ಈ ಲಡಾಯಿಯ ಕಾಲದಲ್ಲಿ ರೇಷನ್ ಅಕ್ಕಿಯಲ್ಲಿ ಕಲ್ಲು, ಸೀಮೆಎಣ್ಣೆಯಲ್ಲಿ ನೀರು, ಹಾಲಿನಲ್ಲಂತೂ ಹಾಲನ್ನೇ ಹುಡುಕಬೇಕು. ಪುಣೆಯಲ್ಲಿ ಇವತ್ತು ಸಂಶಯವಿಲ್ಲದೆ ಬದುಕುವವರು ಒಂದೋ ಸಂತರು, ಇಲ್ಲವೇ ಅಂಗಡಿಯವರು. ನಾವು ಅಂಗಡಿಯವರಾಗಿಯೂ ಸಂಶಯ ಬಿಡದ ಮನೆತನದವರು. ನನಗೆ ತವರಿನಿಂದ ಬಂದ ಬಂಗಾರ ಅಷ್ಟಕ್ಕಷ್ಟೇ, ಸಂಶಯ ಮಾತ್ರ ತುಂಬಿ ಕೊಟ್ಟಿದ್ದಾರೆ.

ನನ್ನ ತವರು ರವಿವಾರ ಪೇಠೆಯ ಒಂದು ವಾಡೆ. ಬೀದಿಗೆ ಅಜ್ಜನ ಕುಪ್ಪಸದ ಖಣಗಳ ಅಂಗಡಿ, ಹಿಂದೆ ಚೌಕದ ಸುತ್ತ ಬಿಡಾರಗಳು. ಗೋಕಾಕದ ಹತ್ತಿರದ ಹಳ್ಳಿಯಿಂದ ಬಂದ ಅಜ್ಜ ಗುಳೇದಗುಡ್ಡದ ಖಣಗಳನ್ನು ಪುಣೆಯ ಹೆಂಗಸರಿಗೆ ಮಾರಿ ಮಾರಿ ಅರ್ಧ ಮರಾಠಿಗನೇ ಆಗಿದ್ದ. ಸಂಶಯ ಮಾತ್ರ ಶುದ್ಧ ಕನ್ನಡದಲ್ಲಿ ಪಡುತ್ತಿದ್ದ. ಯಾರಾದರೂ ಖಣ ಚೆನ್ನಾಗಿದೆ ಎಂದು ಹೊಗಳಿದರೆ, ಇವರು ಕೊಳ್ಳುವವರಲ್ಲ ಎಂದು ಮಡಚಿಡುತ್ತಿದ್ದ. ಅಪ್ಪ ಅಂಗಡಿಗೆ ಬೀಗ ಹಾಕಿ, ಎಳೆದು ನೋಡಿ, ಬೀದಿಯ ತಿರುವಿನವರೆಗೆ ಹೋಗಿ, ಬೀಗವೇ ತನಗೆ ಮೋಸ ಮಾಡಿದೆಯೋ ಎಂದು ವಾಪಸು ಬಂದು ಮತ್ತೆ ಎಳೆದು ನೋಡುತ್ತಿದ್ದ. ಇವರಿಬ್ಬರೂ ಅಜ್ಜಿಯ ಮುಂದೆ ಕೂಸುಗಳು. ಬಿಬವೇವಾಡಿಯಿಂದ ತರಕಾರಿ ಹೊತ್ತು ತರುವ ಹೆಂಗಸು ಬಂದರೆ ಅಜ್ಜಿ ಒಂದೊಂದು ಬದನೆಕಾಯಿಯನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವಳು. ಒಳಗಿನ ಹುಳ ಅವಳೊಂದಿಗೆ ಮಾತಾಡುತ್ತಿತ್ತೋ ಏನೋ, ಅವಳು ತೆಗೆದಿಟ್ಟ ಬದನೆಯಲ್ಲಿ ಎಂದೂ ಹುಳ ಬರಲಿಲ್ಲ.

ಮಣ್ಣಿನ ಮಾತು ಎತ್ತಿದ್ದೆನಲ್ಲ, ಅಲ್ಲಿಗೆ ಬರುತ್ತೇನೆ. ವಾಡೆಯ ಮಾಳಿಗೆಯಲ್ಲಿ ದಾತಾರ ಮಾಸ್ತರ ಎಂಬ ಡ್ರಾಯಿಂಗ್ ಮಾಸ್ತರರಿದ್ದರು. ಶಾಲೆಯಲ್ಲಿ ಮಕ್ಕಳಿಗೆ ಹೂಜಿಯ ಚಿತ್ರ ಬರೆಸುವುದು, ಮನೆಗೆ ಬಂದು ಮಣ್ಣಿನಲ್ಲಿ ಮನುಷ್ಯರ ತಲೆ ಮಾಡುವುದು, ಇಷ್ಟೇ ಅವರ ಸಂಸಾರ. ಒಂದು ದಿನ ಚೌಕದ ನಲ್ಲಿಯ ಹತ್ತಿರ ಹಲ್ಲುಜ್ಜುತ್ತಿದ್ದ ಅಜ್ಜನನ್ನು ಪಕ್ಕದಿಂದ ನೋಡಿದವರು ತಂಬಿಗೆ ಕೈಯಲ್ಲೇ ಹಿಡಿದು ನಿಂತುಬಿಟ್ಟರು.

“ಕಾಯ ನಾಕ ಆಹೇ, ಆಜೋಬಾ!”

ಎಂಥಾ ಮೂಗು ಎಂದು ಅವರು ಹೊಗಳಿದ್ದು. ಹೊಗಳಿಕೆ ಕಿವಿಗೆ ಬಿದ್ದ ಕೂಡಲೇ ಅಜ್ಜ ಬಾಯಿ ಮುಕ್ಕಳಿಸುವುದನ್ನೂ ಬಿಟ್ಟು ಒಳಗೆ ಬಂದ.

“ನನ್ನ ಮೂಗಿನ ಮ್ಯಾಲೆ ಈ ಮಾಸ್ತರಗ ಯಾಕ ಕಣ್ಣು?” ಎಂದು ಅಜ್ಜಿಯನ್ನು ಕೇಳಿದ.

ಆ ಮೂಗನ್ನು ಮಣ್ಣಿನಲ್ಲಿ ಮೂಡಿಸಬೇಕೆಂಬುದು ಮಾಸ್ತರರ ಆಸೆ. ಸುಮ್ಮನೆ ಕೂತರೆ ಸಾಕು, ಇನ್ನೇನೂ ಬೇಡ ಎಂದರು. ಸುಮ್ಮನೆ ಏನನ್ನಾದರೂ ಕೇಳುವವರನ್ನು ಅಜ್ಜ ಜೀವಮಾನದಲ್ಲಿ ನಂಬಿದವನಲ್ಲ. ತನ್ನ ತಲೆಯನ್ನು ಒಯ್ದು ಎದುರಿನ ಅಂಗಡಿಯವನಿಗೆ ಕೊಟ್ಟರೆ, ಅವನು ಅದನ್ನು ಗಾದಿಯ ಮೇಲೆ ಇಟ್ಟುಕೊಂಡು ಹಳೆಯ ಗಿರಾಕಿಗಳನ್ನು ಸೆಳೆದರೆ? ಅಜ್ಜಿಯ ಭಯ ಬೇರೆ. ಜೀವ ಇದ್ದವರ ಮೂರ್ತಿ ಮಾಡಿದರೆ ಆಯುಷ್ಯ ಕಡಿಮೆಯಾಗುತ್ತದೆ, ಫೋಟೋ ತೆಗೆಸಿದ್ದೇ ಹೆಚ್ಚಾಯಿತು ಎಂದು ಅವಳು ಖಡಾಖಂಡಿತ ಬೇಡವೆಂದಳು.

ಬೇಡವೆಂದವಳು ಸುಮ್ಮನಿರಬೇಕೋ ಬೇಡವೋ? ನನ್ನನ್ನು ಕರೆದುಕೊಂಡು ಮಾಳಿಗೆ ಹತ್ತಿ ತಪಾಸಣೆಗೆ ಹೊರಟಳು. ಮಾಸ್ತರರ ಹತ್ತಿರ ಇಂಥದೇ ಒಂದು ವಿಲಾಯತಿ ಡಬ್ಬಿ ಇತ್ತು. ಚಳಿಗೆ ಗಟ್ಟಿಯಾಗಿದ್ದ ಮಣ್ಣನ್ನು ಬಿಸಿಲಿಗಿಟ್ಟು, ಅಂಗೈಯಲ್ಲಿ ಹೊಸೆದು ಮೆತ್ತಗೆ ಮಾಡುತ್ತಿದ್ದರು. ಅಜ್ಜಿ ವಿಜಾಪುರದ ಕಡೆಯವಳು. ಅವಳ ಮರಾಠಿ ಕೇಳಿದರೆ ಮರಾಠಿಗರು ಕನ್ನಡ ಎಂದುಕೊಳ್ಳುತ್ತಿದ್ದರು.

“ಹ್ಯಾಚಾತ ಕಾಯ ಹಾಯ?” ಇದರಲ್ಲಿ ಏನಿದೆ ಎಂದು ಕೇಳಿದಳು.

ಎಣ್ಣೆ, ಮೇಣ, ಮಣ್ಣು ಎಂದರು ಮಾಸ್ತರರು.

“ಆಣಿ?” ಮತ್ತೆ?

ಮತ್ತೆ ಏನಿದೆಯೋ ಅವರಿಗೂ ಗೊತ್ತಿರಲಿಲ್ಲ. ವಿಲಾಯತಿಯವರು ಹೇಳುವುದಿಲ್ಲ ಎಂದು ನಕ್ಕರು. ಅಜ್ಜಿ ನಗಲಿಲ್ಲ.

“ಚರಬಿ?” ಎಂದಳು.

ಪಾಪ, ಮಾಸ್ತರರ ಮುಖ ಬಿಳಿಚಿಕೊಂಡಿತು. ವರ್ಷಗಟ್ಟಲೆ ಅದರಲ್ಲಿ ಕೈಯಾಡಿಸಿ, ಅದೇ ಕೈಯಿಂದ ವರಣ ಭಾತ ಕಲಸಿ ಉಂಡ ಬ್ರಾಹ್ಮಣ. ದನದ ಕೊಬ್ಬೋ ಹಂದಿಯ ಕೊಬ್ಬೋ ಇದ್ದರೂ ಇರಬಹುದೆಂಬ ವಿಚಾರ ಅವರ ತಲೆಗೆ ಅಂದಿನವರೆಗೆ ಹೊಳೆದೇ ಇರಲಿಲ್ಲ. ಅಜ್ಜಿ ಅಷ್ಟಕ್ಕೇ ಬಿಡಲಿಲ್ಲ. ಇದೇ ಮಣ್ಣಿನಲ್ಲಿ ಮೊದಲು ಯಾರನ್ನು ಮಾಡಿದ್ದಿರಿ ಎಂದು ಕೇಳಿದಳು. ತೀರಿಕೊಂಡ ಒಬ್ಬ ವಕೀಲರದು, ಅದಕ್ಕಿಂತ ಮೊದಲು ಒಂದು ಕುದುರೆಯದು ಎಂದು ಅವರು ಮೆಲ್ಲಗೆ ಹೇಳಿದರು. ಅಜ್ಜಿ ದಡದಡ ಮೆಟ್ಟಿಲಿಳಿದು ಬಂದಳು.

“ಸತ್ತ ವಕೀಲನ ಮಾರಿ ಮುರದು ನಿಮ್ಮ ಮಾರಿ ಮಾಡ್ತಾರಂತ. ಅದರಾಗ ಕುದುರೀನೂ ಅದ. ನಾಳೆ ನೀವು ಎದ್ದು ವಾದಾ ಮಾಡ್ತೀರೋ, ಒದೀತೀರೋ, ಯಾರಿಗ್ಗೊತ್ತು?”

ಅಂದು ಸಂಜೆ ಮಾಳಿಗೆಯ ಮೇಲೆ ಮಾಸ್ತರರು ಕೊಡಗಟ್ಟಲೆ ನೀರು ಸುರಿದುಕೊಳ್ಳುವ ಸದ್ದು ಕೇಳಿಸುತ್ತಿತ್ತು.

ಮೂರ್ತಿಯ ಮಾತು ಅಲ್ಲಿಗೆ ಮುಗಿಯಿತು ಎಂದುಕೊಂಡೆವು. ಕೆಲವು ದಿನಗಳ ಮೇಲೆ ಅಜ್ಜಿ ತಾನೇ ಮಾಸ್ತರರನ್ನು ಕರೆಸಿ, ಮೂರ್ತಿ ಮಾಡಿರಿ, ಆದರೆ ಮಣ್ಣು ನನ್ನ ಮುಂದೆ, ನನ್ನ ಒಲೆಯ ಮೇಲೆ ತಯಾರಾಗಬೇಕು ಎಂದಳು! ಆಯುಷ್ಯದ ಭಯ ಎಲ್ಲಿ ಹೋಯಿತು? ಅಜ್ಜ ಬಾಯಿ ತೆರೆದು ನೋಡಿದ. ಅಪ್ಪ ಅವಳ ಹಣೆ ಮುಟ್ಟಿ ಜ್ವರ ಇದೆಯೇ ಎಂದು ನೋಡಿದ. ನನ್ನ ಸಂಶಯ ಶುರುವಾಗುವುದು ಇಲ್ಲಿಂದ.

ಮಾಸ್ತರರಿಗೋ ಚರಬಿಯ ಹೇಸಿಗೆ ಇನ್ನೂ ಹೋಗಿರಲಿಲ್ಲ, ಸಂತೋಷದಿಂದ ಒಪ್ಪಿದರು. ಗಣಪತಿ ಮಾಡುವ ಶಾಡೂ ಮಣ್ಣನ್ನು ಕುಟ್ಟಿ, ವಸ್ತ್ರಗಾಳಿಸಿ, ಹುಡಿ ಮಾಡಿದರು. ಕಬ್ಬಿಣದ ಬಾಣಲೆಯಲ್ಲಿ ಜೇನುಮೇಣ ಕರಗಿಸಿ ಹರಳೆಣ್ಣೆ ಬೆರೆಸಿದರು. ಅಜ್ಜಿ ಹುಡಿಯನ್ನು ಸ್ವಲ್ಪ ಸ್ವಲ್ಪವಾಗಿ ಉದುರಿಸುತ್ತ, ಸೌಟಿನಿಂದ ತಿರುವುತ್ತ, ಗಂಟು ಬಿತ್ತೆಂದು ಬೈಯುತ್ತ, ಕೊನೆಗೆ ಸೆರಗು ಸಿಗಿಸಿ ತಾನೇ ನಾದಲು ಕೂತಳು. ಹೋಳಿಗೆಯ ಕಣಕಕ್ಕೂ ಅವಳು ಅಷ್ಟು ಜೀವ ಹಾಕಿದ್ದು ನಾನು ಕಾಣೆ. ಹರಳೆಣ್ಣೆಯ ವಾಸನೆಗೆ ನಾವು ಮಕ್ಕಳೆಲ್ಲ ಮೂಗು ಮುಚ್ಚಿಕೊಂಡು ಓಡಿದೆವು, ಹೊಟ್ಟೆ ತೊಳೆಯುವ ದಿನ ಬಂತೆಂದು. ತಣಿದ ಮೇಲೆ ಮುಟ್ಟಿದರೆ ಮಣ್ಣು ಬೆಣ್ಣೆಯ ಹಾಗೆ ಬೆರಳಿಗೆ ಮಣಿಯುತ್ತಿತ್ತು.

ಪಡಸಾಲೆಯಲ್ಲಿ ಕೆಲಸ ಶುರುವಾಯಿತು. ಹಲಗೆಗೆ ಒಂದು ಗೂಟ, ಗೂಟಕ್ಕೆ ತಂತಿ, ತಂತಿಯ ಮೇಲೆ ಮಣ್ಣಿನ ಮುದ್ದೆ. ಮಾಸ್ತರರು ಅದಕ್ಕೆ ಶಿಲ್ಪ ಎನ್ನುತ್ತಿದ್ದರು, ಅಪ್ಪ ಪುತಳಿ ಎನ್ನುತ್ತಿದ್ದ. ಅಜ್ಜಿ ಮಾತ್ರ ಯಾರು ಕೇಳಿದರೂ “ಒಳಗ ಇವರ ಮಣ್ಣು ನಡದದ” ಎನ್ನತೊಡಗಿದಳು.

ನೀವು ಮೈಸೂರ ಕಡೆಯವರಾದರೆ ಈ ಮಾತು ನಿಮಗೆ ಚುಚ್ಚಲಿಕ್ಕಿಲ್ಲ. ನಾವು ಸತ್ತವರನ್ನು ಹೂಳುವ ಜನ. ನಮ್ಮ ಕಡೆ ‘ಮಣ್ಣು ಯಾವಾಗ?’ ಎಂದರೆ ಹೂಳುವುದು ಯಾವಾಗ ಎಂದು. ‘ಮಣ್ಣಿಗೆ ಹೋಗಿದ್ದೆ’ ಎಂದರೆ ಸತ್ತವರ ಕೊನೆಯ ಕಾರ್ಯಕ್ಕೆ ಹೋಗಿದ್ದೆ ಎಂದು. ಬದುಕಿರುವ ಗಂಡನ ಬಗ್ಗೆ ಯಾವ ಹೆಂಗಸು ಹಾಗೆ ಬಾಯಿ ಬಿಡುತ್ತಾಳೆ? ಅದೂ ನಮ್ಮ ಅಜ್ಜಿ! ಬಳೆ ಒಡೆದರೆ ‘ಒಡೀತು’ ಅನ್ನಬಾರದು, ‘ಹೆಚ್ಚಿತು’ ಅನ್ನಬೇಕು ಎಂದು ನಮ್ಮ ತಲೆಗೆ ಮೊಟಕುತ್ತಿದ್ದವಳು. ದೀಪ ಆರಿಸು ಅಂದರೆ ಸಿಟ್ಟಾಗಿ ‘ಶಾಂತ ಮಾಡು’ ಅನ್ನಿಸುತ್ತಿದ್ದವಳು. ಅವಳ ಬಾಯಲ್ಲಿ ‘ಇವರ ಮಣ್ಣು’ ಎಂಬ ಮಾತು ಜಾರಿ ಬಿತ್ತೆಂದರೆ ನಾನು ನಂಬಬೇಕೆ?

ಇಲ್ಲಿ ನೀಲವ್ವಜ್ಜಿಯ ಸಂಗತಿ ಹೇಳಬೇಕು. ಅವಳು ನಮ್ಮಜ್ಜನ ಒಡಹುಟ್ಟಿದ ಅಕ್ಕ, ಊರಲ್ಲಿರುತ್ತಿದ್ದಳು. ತಾಯಿ ತೀರಿಕೊಂಡಾಗ ಮಣ್ಣಿಗೆ ಅಜ್ಜ ಬಂದಿರಲಿಲ್ಲ. ಪುಣೆಯಲ್ಲಿ ದೀಪಾವಳಿಯ ವ್ಯಾಪಾರ, ಬಿಟ್ಟು ಬರಲು ಮನಸ್ಸಾಗಲಿಲ್ಲ ಎಂದು ಅಕ್ಕನ ಸಂಶಯ. ತಾನು ಬರುವ ಮೊದಲೇ ಬೇಕೆಂದೇ ಅವಸರ ಮಾಡಿ ಮಣ್ಣು ಮುಗಿಸಿದರು ಎಂದು ತಮ್ಮನ ಸಂಶಯ. ಇಬ್ಬರೂ ಒಬ್ಬರನ್ನೊಬ್ಬರು ಕೇಳಲಿಲ್ಲ. ನಮ್ಮ ಮನೆತನದಲ್ಲಿ ಕೇಳುವ ಪದ್ಧತಿಯೇ ಇಲ್ಲ, ಸಂಶಯ ಪಟ್ಟುಕೊಂಡರೆ ಆಯಿತು. ನಡುವೆ ಒಂದು ಮದುವೆಯ ಮನೆಯಲ್ಲಿ ಎದುರಾದಾಗ ಅವಳು ನಾಲ್ಕು ಜನರ ಮುಂದೆ ಅಂದುಬಿಟ್ಟಳಂತೆ: “ಅವ್ವನ ಮಣ್ಣಿಗೆ ಬರಲಾರದವನ ಮನಿ ಹೊಸ್ತಿಲಾ ನಾ ತುಳಿಯೂದಿಲ್ಲ. ತುಳದ್ರ ನಿನ್ನ ಮಣ್ಣಿಗೇ ತುಳದೇನು.”

ಅಜ್ಜ ಈ ಮಾತನ್ನು ಯಾರ ಮುಂದೆಯೂ ಆಡುತ್ತಿರಲಿಲ್ಲ. ಊರಿನಿಂದ ಯಾರಾದರೂ ಬಂದರೆ ಮಳೆ ಬೆಳೆ ಎಲ್ಲ ವಿಚಾರಿಸಿ, ಅವರು ಎದ್ದು ಚಪ್ಪಲಿ ಮೆಟ್ಟುವ ಹೊತ್ತಿಗೆ “ಆಕಿ ಹೆಂಗದಾಳ?” ಎಂದು ಗೋಡೆಯ ಕಡೆ ನೋಡುತ್ತ ಕೇಳುತ್ತಿದ್ದ. ಆ ವರ್ಷ ಅವನಿಗೆ ಎದೆನೋವು ಬಂದು ಹೋಗಿತ್ತು. ಅಕ್ಕನಿಗೂ ಕಣ್ಣು ಮಂದವಾಗಿದೆ ಎಂದು ಸುದ್ದಿ. ಇಬ್ಬರಲ್ಲಿ ಯಾರು ಮೊದಲು ಹೋದರೂ ಉಳಿದವರು ಆ ಸಂಶಯವನ್ನು ಎದೆಯಲ್ಲಿಟ್ಟುಕೊಂಡು ಸಾಯಬೇಕಾಗಿತ್ತು. ಅಜ್ಜಿಗೆ ಇದು ಹಗಲೂ ರಾತ್ರಿ ಚಿಂತೆಯಾಗಿತ್ತು ಎಂಬುದು ನನಗೆ ಈಗ ತಿಳಿಯುತ್ತದೆ.

ಊರಿನಿಂದ ಖಣದ ಗಂಟು ತಂದುಹಾಕುವವನು ಶಿವಲಿಂಗಪ್ಪ. ಮಾತಿನಲ್ಲಿ ಅವನಷ್ಟು ಜಿಪುಣ ಇನ್ನೊಬ್ಬನಿಲ್ಲ. ಹೇಳಿದ್ದನ್ನು ಹೇಳಿದಷ್ಟೇ ಮುಟ್ಟಿಸುವನು, ಅದಕ್ಕೆ ಬಾಲ ಹಚ್ಚುವವನಲ್ಲ, ಯಾಕೆ ಎಂದು ಕೇಳುವವನೂ ಅಲ್ಲ. ಊರಿಗೆ ಹೊರಟು ನಿಂತ ಅವನಿಗೆ ಅಜ್ಜಿ ಬುತ್ತಿ ಕಟ್ಟಿಕೊಡುತ್ತ ಹೇಳಿದ್ದನ್ನು ನಾನು ನನ್ನ ಕಿವಿಯಾರೆ ಕೇಳಿದ್ದೇನೆ.

“ಅಕ್ಕಾರಿಗೆ ಹೇಳು, ಇವರ ಮಣ್ಣು ನಡದದ. ಅವರು ಬರೂತನಕ ಮುಗಸೂದಿಲ್ಲಂತ ಹೇಳು.”

“ಹೂಂ,” ಎಂದ ಶಿವಲಿಂಗಪ್ಪ. ಅಜ್ಜ ಪಡಸಾಲೆಯಲ್ಲಿ ಚಹಾ ಹೀರುತ್ತ ಕೂತಿದ್ದನ್ನು ಅವನು ಕಣ್ಣಾರೆ ನೋಡಿಯೇ ಹೋದ. ನೀಲವ್ವಜ್ಜಿಯ ಬಾಗಿಲಲ್ಲಿ ನಿಂತು ಆ ಎರಡು ಮಾತು ಹೇಳಿ, ಎತ್ತಿಗೆ ನೀರು ತೋರಿಸಬೇಕೆಂದು ಹೊರಟೇ ಹೋದನಂತೆ. ಆ ಮನೆಯಲ್ಲಿ ಎದ್ದ ಗೋಳು ಅವನ ಬೆನ್ನಿಗೆ ಕೇಳಿಸಿರಬೇಕು. ಕೇಳಿಸಿದರೂ ಅವನು ತಿರುಗಿ ನೋಡುವವನಲ್ಲ.

ಇನ್ನು ಆ ಮುಂಜಾನೆಯ ಮಾತು. ಅಲ್ಲಿಯವರೆಗೆ ಮಾಸ್ತರರ ಕೆಲಸ ನಡೆಯುತ್ತಿದ್ದದ್ದು ಊಟವಾದ ಮೇಲೆ. ಆವತ್ತು ಮಾತ್ರ ಅಜ್ಜಿ “ಮುಂಜಾನಿ ಬೆಳಕ ಚಲೋ ಇರ್ತದ” ಎಂದು ಹಟ ಹಿಡಿದಳು. ಬೆಳಕಿನ ಒಳ್ಳೆಯದು ಕೆಟ್ಟದ್ದು ಅವಳಿಗೆ ಯಾವಾಗಿನಿಂದ ತಿಳಿಯಿತು? ಊರ ಕಡೆಯ ರೈಲುಗಾಡಿ ಪುಣೆಗೆ ಬರುವುದೂ ಮುಂಜಾನೆಯೇ. ಅಜ್ಜನಿಗೆ ಮೀಯಿಸಿ, ಹಣೆಗೆ ಎದೆಗೆ ತೋಳಿಗೆ ದಪ್ಪಗೆ ವಿಭೂತಿ ಹಚ್ಚಿಸಿ, ಕೊರಳಿಗೆ ರುದ್ರಾಕ್ಷಿ ಹಾಕಿ, ಹೊಸ ಶಾಲು ಹೊದಿಸಿದಳು. ಲಿಂಗಪೂಜೆಗೆ ಕೂತ ಹಾಗೆಯೇ ಮೂರ್ತಿ ಬರಬೇಕೆಂದು ಮಾಸ್ತರರಿಗೆ ತಾಕೀತು ಮಾಡಿದಳು. ಅಜ್ಜ ಗೋಡೆಗೆ ಬೆನ್ನು ಕೊಟ್ಟು, ಪದ್ಮಾಸನ ಹಾಕಿ, ಎಡ ಅಂಗೈಯಲ್ಲಿ ಲಿಂಗ ಹಿಡಿದು, ಕಣ್ಣು ಮುಚ್ಚಿ ಕೂತ. ಊದುಬತ್ತಿ ಹೊಗೆಯಾಡುತ್ತಿತ್ತು. “ಹಲೂ ನಕಾ, ಆಜೋಬಾ,” ಅಲ್ಲಾಡಬೇಡಿ ಎಂದು ಮಾಸ್ತರರು ಬೆನ್ನು ತಿರುಗಿಸಿ ಮಣ್ಣಿಗೆ ಕೈ ಹಚ್ಚಿದರು. ಯಾವಾಗಲೂ ಅಗಳಿ ಹಾಕಿರುತ್ತಿದ್ದ ಬೀದಿಯ ಕಡೆಯ ದಿಂಡಿ ಬಾಗಿಲು ಆವತ್ತು ಹಾರು ಹೊಡೆದಿತ್ತು. ನಾನು ಮೂಲೆಯಲ್ಲಿ ಹೂ ಕಟ್ಟುತ್ತ ಕೂತಿದ್ದೆ.

ಬೀದಿಯಲ್ಲಿ ಟಾಂಗಾ ನಿಂತ ಸದ್ದಾಯಿತು. ಎಣ್ಣೆ ಕಾಣದ ಕೂದಲು, ಹೆಗಲಿನಿಂದ ಜಾರಿದ ಸೆರಗು, ಒಬ್ಬ ಮುದುಕಿ ಬಾಗಿಲಲ್ಲಿ ನಿಂತಳು. ಹಿಂದೆ ಅವಳ ಮಗ ಗಂಟು ಹಿಡಿದಿದ್ದ. ನಾನು ನೀಲವ್ವಜ್ಜಿಯನ್ನು ನೋಡಿದ್ದು ಅದೇ ಮೊದಲು. ಮೂಗು ನೋಡಿದ ಕೂಡಲೇ ಗುರುತು ಹತ್ತಿತು.

ನಮ್ಮವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ವಿಭೂತಿ ಹಚ್ಚಿ, ಶಾಲು ಹೊದಿಸಿ, ಎಡಗೈಯಲ್ಲಿ ಲಿಂಗವಿಟ್ಟು, ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಆ ಮುದುಕಿಯ ಮಂದಗಣ್ಣಿಗೆ ಕಂಡದ್ದು ಅದೇ.

ಅವಳು ಹೊಸ್ತಿಲು ದಾಟಿದ್ದು ನಡೆದಲ್ಲ, ಬಿದ್ದು. ಅಜ್ಜನ ಮುಂದೆ ಕುಸಿದು ಎದೆ ಎದೆ ಬಡಿದುಕೊಂಡು ಹಾಡಿ ಅಳತೊಡಗಿದಳು.

“ಅಯ್ಯೋ ನನ್ನ ತಮ್ಮಾ, ಈ ಮಾರೀ ತೋರ್ಸಾಕ ನನ್ನ ಕರಸಿದ್ಯೇನೋ! ಅವ್ವನ್ನ ಹೊತ್ತ ಮುಣಗೂತನಕ ಕುಂದ್ರಿಸಿಕೊಂಡು ನಿನ್ನ ದಾರೀ ನೋಡಿದ್ನೋ ನನ್ನಪ್ಪಾ! ಊರ ಹಿರ್ಯಾರು ಬೈದ್ರು, ನಾ ಏಳಲಿಲ್ಲೋ! ನನ್ನ ತಮ್ಮ ಚನ್ನಪ್ಪ ಬರ್ತಾನ, ಇನ್ನೊಂದ ಗಾಡಿ ನೋಡೂಣು ಅಂದ್ನೋ! ಆ ಗಾಡಿಗೂ ನೀ ಇಳೀಲಿಲ್ಲೋ ತಮ್ಮಾ!”

ಅಜ್ಜ ಅಲ್ಲಾಡಲಿಲ್ಲ. ಯಾಕೆ ಅಲ್ಲಾಡಲಿಲ್ಲ ಎಂದು ಆಮೇಲೆ ಕೇಳಿದರೆ “ಮಾಸ್ತರ ಹಲೂ ನಕಾ ಅಂದಿದ್ದರಲ್ಲ” ಎನ್ನುತ್ತಿದ್ದ. ನಾನು ನಂಬಿಲ್ಲ. ಅಕ್ಕ ಕಾದಿದ್ದಳು ಎಂಬ ಮಾತನ್ನು ಅಷ್ಟು ವರ್ಷಗಳ ಮೇಲೆ ಅವನು ಅದೇ ಮೊದಲ ಸಲ ಕೇಳಿದ್ದು. ಮುಚ್ಚಿದ ಕಣ್ಣಿನಿಂದ ನೀರು ಇಳಿದು ವಿಭೂತಿ ಕಲಸಿತು. ಇದು ಕನ್ನಡಿಗರ ಯಾವುದೋ ಪೂಜೆ ಇರಬೇಕೆಂದು ಕೈಕಟ್ಟಿ ನಿಂತಿದ್ದ ಮಾಸ್ತರರ ಬಾಯಿಂದ “ಆಜೋಬಾ!” ಎಂಬ ಉದ್ಗಾರ ಹೊರಟಿತು.

“ನಾ ಬಂದಿದ್ದೆ, ಅಕ್ಕಾ,” ಎಂದ ಅಜ್ಜ.

ಮಗನ ಕೈಯಿಂದ ಗಂಟು ಬಿತ್ತು. ನೀಲವ್ವಜ್ಜಿ ಚೀರಿ ಹಿಂದಕ್ಕೆ ಸರಿದಳು. ಆಮೇಲೆ ಮೆಲ್ಲಗೆ ಮುಂದೆ ಬಂದು ಅವನ ಮೂಗಿನ ಕೆಳಗೆ ಬೆರಳಿಟ್ಟು ಉಸಿರು ನೋಡಿದಳು. ಸಾಲದೆಂದು ರಟ್ಟೆ ಚಿವುಟಿದಳು.

“ಜೀವಂತ ಅದೀಯೇನೋ ಭಾಡ್ಯಾ?”

“ಅದೀನಿ.”

ಅವಳು ಎದ್ದು ಅಜ್ಜಿಯ ಕಡೆ ತಿರುಗಿದಳು. ಅಬ್ಬಾ, ಆ ಕಣ್ಣು! “ಏನಿದು ನಾಟಕಾ? ಮಣ್ಣು ಅಂತ ಸುಳ್ಳ ಹೇಳಿ ನನ್ನ ಕರಸಿದ್ರಿ?”

“ಸುಳ್ಳಲ್ರೀ ಅಕ್ಕಾರ,” ಎಂದಳು ಅಜ್ಜಿ, ಹಲಗೆಯ ಮೇಲಿನ ಮಣ್ಣಿನ ತಲೆಗೆ ಕೈ ಮಾಡಿ. “ನೋಡ್ರಿ, ನಡದದಲ್ಲ. ನೀವು ಬರೂತನಕ ಮುಗಸೂದಿಲ್ಲ ಅಂದಿದ್ದೆ. ಮುಗಸಿಲ್ಲ.”

ನೀಲವ್ವಜ್ಜಿ ಆ ತಲೆಯನ್ನೂ ಈ ತಲೆಯನ್ನೂ ನೋಡಿದಳು. ಸೆರಗು ಎಳೆದು ತಲೆಗೆ ಹೊದ್ದು ಬಾಗಿಲ ಕಡೆ ನಡೆದಳು. “ನಡಿಯೋ,” ಎಂದಳು ಮಗನಿಗೆ. ಅಜ್ಜಿಯ ಮುಖದಲ್ಲಿ ರಕ್ತವೇ ಇರಲಿಲ್ಲ. ಹೊಸ್ತಿಲು ದಾಟಿದಳೆಂದರೆ ನೀಲವ್ವಜ್ಜಿ ಇನ್ನೆಂದೂ ಬರುವವಳಲ್ಲ ಎಂಬುದು ಮೂಲೆಯಲ್ಲಿದ್ದ ನನಗೂ ತಿಳಿಯಿತು.

“ಮರುದಿನ ಬಂದಿದ್ದೆ,” ಎಂದ ಅಜ್ಜ, ಕೂತಲ್ಲಿಂದಲೇ. “ಸುದ್ದಿ ಮುಟ್ಟಿದ್ದೇ ತಡ ಆಗಿತ್ತು. ಟೇಸನ್ನಿನಿಂದ ಸೀದಾ ಹೊಲಕ್ಕ ಹ್ವಾದೆ. ಮಣ್ಣು ಮುಗದಿತ್ತು.”

“ಸುಳ್ಳು,” ಎಂದಳು ಅವಳು, ತಿರುಗದೆ.

“ಗದ್ದಿಗಿ ಮ್ಯಾಲ ದೀಪಾ ಇಟ್ಟಿದ್ದಿ. ಗಾಳಿಗೆ ಆರಬಾರದಂತ ಒಡದ ಗಡಿಗಿ ಬೋರಲ ಹಾಕಿದ್ದಿ.”

“ಊರವರು ಯಾರರೆ ಹೇಳಿರ್ತಾರ.”

“ದೀಪದಾಗ ಎಣ್ಣಿ ಇದ್ದಿದ್ದಿಲ್ಲ,” ಎಂದ ಅಜ್ಜ. “ಅವ್ವನ ಮೊಣಕಾಲಿಗೆ ಹಚ್ಚಾಕಂತ ಇಲ್ಲಿಂದ ಕರ್ಪೂರದ ಎಣ್ಣಿ ತಂದಿದ್ದೆ. ಅದನ್ನ ಹಾಕಿ ದೀಪಾ ಹಚ್ಚಿ ಬಂದೆ. ನೀ ನನಗ ಕಾಯಲಿಲ್ಲಂತ ಸಿಟ್ಟಿತ್ತು, ಮನೀಗೆ ಬರಲಿಲ್ಲ.”

ಹೊಸ್ತಿಲ ಮೇಲೆ ಒಂದು ಕಾಲಿಟ್ಟು ನಿಂತವಳು ಹಾಗೆಯೇ ನಿಂತಳು.

“ಆ ದೀಪಾ ದಿನಾ ಪೂರ್ತಿ ಕರ್ಪೂರ ನಾರತಿತ್ತೋ,” ಎಂದಳು. “ಯಾರ ಹಾಕಿದ್ರಿ, ಯಾರ ಹಾಕಿದ್ರಿ ಅಂತ ಇಡೀ ಊರಿಗೆ ಕೇಳಿದೆ. ನಿನ್ನೊಬ್ಬನ್ನ ಕೇಳಲಿಲ್ಲ.”

ಅವಳು ತಿರುಗಿ ಬಂದು ತಮ್ಮನ ಪಕ್ಕದಲ್ಲಿ ಗೋಡೆಗೊರಗಿ ಕೂತಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ, ಇಬ್ಬರೂ ಅತ್ತರು. ಅಜ್ಜಿ ಒಳಗೆ ಹೋಗಿ ಒಲೆ ಊದಿದಳು. ಹೊಗೆಗೆ ಕಣ್ಣಲ್ಲಿ ನೀರು ಬಂತೆಂದು ಅವಳು ಹೇಳಿದ್ದನ್ನೂ ನಾನು ನಂಬಿಲ್ಲ.

ಆಮೇಲಿನದು ಬರೀ ಗದ್ದಲ. ಊಟ ಮುಗಿಸಿದ ನೀಲವ್ವಜ್ಜಿ ಮಣ್ಣಿನ ತಲೆಯ ಹತ್ತಿರ ಹೋಗಿ, ಮುಖವನ್ನು ತೀರ ಹತ್ತಿರ ತಂದು ನೋಡಿ, “ಕಿವಿ ತಪ್ಪೈತಿ” ಎಂದಳು. ಮಾಸ್ತರರು ಹಾಂ ಹಾಂ ಎನ್ನುವಷ್ಟರಲ್ಲಿ ಎರಡು ಬೆರಳಲ್ಲಿ ಕಿವಿ ಹಿಡಿದು ಎಳೆದು ದೊಡ್ಡದು ಮಾಡಿಬಿಟ್ಟಳು. ಸಣ್ಣವನಿದ್ದಾಗ ಅವನ ಕಿವಿ ಹಾಗೆಯೇ ಇದ್ದವಂತೆ, ಮುಖಕ್ಕಿಂತ ಕಿವಿಯೇ ದೊಡ್ಡವು. ಜೀವಂತ ಕಿವಿ ಪಕ್ಕದಲ್ಲೇ ಇದೆಯಲ್ಲ, ನೋಡಿರಿ ಎಂದು ಮಾಸ್ತರರು ಮರಾಠಿಯಲ್ಲಿ ಗೋಗರೆದರು. ಅವಳು ಕನ್ನಡದಲ್ಲಿ ಗದರಿಸಿದಳು. ಮಾಸ್ತರರು ಕಿವಿ ಸರಿಪಡಿಸುವುದು, ಅವಳು ಎಳೆಯುವುದು. ಆ ಮಣ್ಣು ಒಣಗುವುದೂ ಇಲ್ಲ, ಜಗಳ ಮುಗಿಯುವುದೂ ಇಲ್ಲ. ಕೊನೆಗೆ ಮಾಸ್ತರರೇ ಸೋತು ಆ ತಲೆಯನ್ನು ಮುರಿದು ಮುದ್ದೆ ಮಾಡಿ ಮಾಳಿಗೆಗೆ ಒಯ್ದರು. ಅದೇ ಮಣ್ಣಿನಲ್ಲಿ ಮುಂದೆ ಯಾರ ತಲೆ ಮಾಡಿದರೋ ಅಜ್ಜಿ ಕೇಳಲಿಲ್ಲ. ಅಜ್ಜನ ಮೂರ್ತಿ ಮಾತ್ರ ಆಗಲಿಲ್ಲ.

ಅಂದಿನಿಂದ ನೀಲವ್ವಜ್ಜಿ ಪುಣೆಗೆ ಬಂದು ಹೋಗಿ ಮಾಡತೊಡಗಿದಳು. ಬಂದರೆ ತಮ್ಮನ ಜೊತೆ ಗೋಡೆಗೊರಗಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತ ಊರಿನವರ ಮೇಲೆಲ್ಲ ಸಂಶಯ ಪಡುವುದು. ಒಂದೇ ಸಂಶಯವನ್ನು ಇಬ್ಬರೂ ಸೇರಿ ಪಡುವ ಸುಖ ಅವರಿಬ್ಬರ ಮುಖದಲ್ಲಿ ನೋಡಬೇಕಿತ್ತು ನೀವು.

ನಾನು ದೊಡ್ಡವಳಾದ ಮೇಲೆ ಅಜ್ಜಿಯನ್ನು ಅಡ್ಡಡ್ಡ ಪ್ರಶ್ನೆ ಹಾಕಿ ಕೇಳಿದ್ದುಂಟು. ಮುಂಜಾನೆಯ ಬೆಳಕು ಯಾಕೆ? ವಿಭೂತಿ ಯಾಕೆ? ಬಾಗಿಲು ಯಾಕೆ ತೆರೆದಿತ್ತು? ಅವಳು ಅಕ್ಕಿಯಲ್ಲಿನ ಕಲ್ಲು ಆರಿಸುತ್ತ ಕತ್ತು ಎತ್ತದೆ ಉತ್ತರ ಕೊಟ್ಟಳು.

“ನಾ ಹೇಳಿದ್ದು ಖರೇನ ಅದ. ಕೇಳಿದವರ ಕಿವಿ ಸುಳ್ಳ ಕೇಳಿದ್ರ ನಾ ಏನ ಮಾಡ್ಲೆವಾ?”

ನನ್ನ ಸಂಶಯ ಹಾಗೇ ಉಳಿಯಿತು.

ಮುಂದೆ ಒಂದು ಮಳೆಗಾಲದಲ್ಲಿ ಅಜ್ಜ ನಿಜವಾಗಿಯೂ ಹೋದ. ಸುದ್ದಿ ತಪ್ಪಿ ಮುಟ್ಟಬಾರದೆಂದು ತನ್ನ ಸೋದರತ್ತೆಯನ್ನು ಕರೆತರಲು ಅಪ್ಪ ತಾನೇ ಗಾಡಿ ಹತ್ತಿದ. ಅಕ್ಕ ಬರುವವರೆಗೆ ಮುಗಿಸಬಾರದೆಂದು ಅಜ್ಜಿ ಎಲ್ಲರಿಗೂ ಅಡ್ಡ ನಿಂತಿದ್ದಳು. ಅಪ್ಪ ಒಬ್ಬನೇ ವಾಪಸು ಬಂದ. ನೆರೆದವರಲ್ಲಿ ಪಿಸುಪಿಸು ಶುರುವಾಯಿತು. ಅಕ್ಕ ತಮ್ಮ ಮತ್ತೆ ಕದನ ಮಾಡಿಕೊಂಡಿದ್ದರೇ? ಆಸ್ತಿಯ ಮಾತೇ? ಮುದುಕಿಗೆ ಇನ್ನೂ ಹಳೆಯ ಸಿಟ್ಟು ಆರಿಲ್ಲವೇ? ನಾನೂ ಸಂಶಯಪಟ್ಟೆ. ಅಪ್ಪ ಸೀದಾ ಅಜ್ಜಿಯ ಹತ್ತಿರ ಹೋಗಿ ಕೂತ. ನೀಲವ್ವಜ್ಜಿ ಸುದ್ದಿ ಕೇಳಿ ಅಳಲಿಲ್ಲವಂತೆ. ಕಟ್ಟೆಯ ಮೇಲೆ ಕೂತಲ್ಲಿಂದ ಏಳಲೂ ಇಲ್ಲವಂತೆ. ಅವಳು ಹೇಳಿ ಕಳಿಸಿದ್ದನ್ನು ಅಪ್ಪ ಅವಳ ಮಾತಿನಲ್ಲೇ ಹೇಳಿದ.

“ಅವನ ಮಣ್ಣಿಗೆ ನಾ ಒಮ್ಮೆ ಬಂದೀನಪ್ಪಾ. ಆವಾಗ ಅವ ಮಾತಾಡಿದ. ಈಗ ಬಂದು ಮುಂದ ಕುಂತು ಅತ್ತು, ಅವ ಮಾತಾಡಲಿಲ್ಲಂದ್ರ ನಾ ಏನ ಮಾಡ್ಲಿ?”